200 ಮೀಟರಿಗೆ .22: ಯಾವ ಫ್ಯಾಕ್ಟರಿ ಅಮ್ಮೋ (ಮದ್ದುಗುಂಡು) ತಗೊಳ್ಳಲಿ?

ಹೊಸಗುರಿ:
ಎಲ್ಲರಿಗೂ ನಮಸ್ಕಾರ. ನನ್ನ ರೈಫಲ್ ಬೋಲ್ಟ್ ಆಕ್ಷನ್ .22 ಎಲ್‌ಆರ್. ದಪ್ಪ ಬ್ಯಾರಲ್, ಟ್ವಿಸ್ಟ್ (ಗುಂಡನ್ನು ತಿರುಗಿಸುವ ಬ್ಯಾರಲ್ ಒಳಗಿನ ಗೆರೆ) 16 ಇಂಚಿಗೆ ಒಂದು ಸುತ್ತು, ಸ್ಕೋಪ್ ಕೆಳಗೆ 20 ಎಂಒಎ ರೈಲ್ (ದೂರಕ್ಕೆಂದು ಸ್ಕೋಪನ್ನು ತುಸು ಓರೆಯಾಗಿ ಕೂರಿಸುವ ಪಟ್ಟಿ). ಎರಡು ವರ್ಷ 50 ಮೀಟರಿನಲ್ಲೇ ಹೊಡೆದೆ. ಈಗ 200 ಮೀಟರ್ ಲೇನ್ ಸಿಕ್ಕಿದೆ.

ದೂರ ಜಾಸ್ತಿ ಅಂದ್ರೆ ವೇಗವೂ ಜಾಸ್ತಿ ಬೇಕು ಅಂದುಕೊಂಡು ಹೈ ವೆಲಾಸಿಟಿ ಅಮ್ಮೋ ಒಂದು ಬ್ರಿಕ್ ತಂದೆ. 500 ರೌಂಡ್! 50 ಮೀಟರಿನಲ್ಲಿ ಪರವಾಗಿಲ್ಲ, ಐದು ಗುಂಡು ಹೆಬ್ಬೆರಳಿನ ಕೆಳಗೆ ಮುಚ್ಚಿಹೋಗುತ್ತವೆ. 200ರಲ್ಲಿ ಮಾತ್ರ ಅದನ್ನು ಗ್ರೂಪ್ (ಪೆಟ್ಟುಗಳ ಗುಂಪು) ಅಂತ ಕರೆಯೋಕೆ ನಾಚಿಕೆ. ಒಂದು ಗೇಣು ಅಗಲ, ಎರಡು ಗೇಣು ಉದ್ದ. ರಿಮ್‌ಫೈರ್ (ಹೊತ್ತಿಸುವ ಮಸಾಲೆ ಹಿತ್ತಾಳೆ ಕೇಸಿನ ಅಂಚಿನಲ್ಲೇ ಇರುವ ಬಗೆ) ಆದ್ದರಿಂದ ಮನೆಯಲ್ಲಿ ಮತ್ತೆ ತುಂಬಿ ರೀಲೋಡ್ ಮಾಡುವ ಮಾತೇ ಇಲ್ಲ, ಡಬ್ಬಿಯಲ್ಲಿ ಬಂದದ್ದೇ ಗತಿ. ಯಾವ ಡಬ್ಬಿ ತಗೊಳ್ಳಲಿ ಹೇಳಿ.

ಬೆಂಚುಕಲ್ಲು:
ಸ್ಟ್ಯಾಂಡರ್ಡ್ ವೆಲಾಸಿಟಿ ತಗೊಳ್ಳಿ. ಉಳಿದ ಬ್ರಿಕ್ಕನ್ನು ಹತ್ತಿರದ ತಗಡಿಗೆ ಹೊಡೆದು ಮುಗಿಸಿ. ಯಾಕೆ ಅಂತ ಮುಂದೆ ಯಾರಾದರೂ ಉದ್ದಕ್ಕೆ ಬರೀತಾರೆ, ನನಗೆ ಟೈಪ್ ಮಾಡೋಕೆ ಸೋಮಾರಿತನ.

ಗಾಳಿಮಾತು:
ಸರಿ, ಉದ್ದಕ್ಕೆ ಬರೆಯುವವನು ನಾನೇ.

20 ಡಿಗ್ರಿ ಸೆಲ್ಸಿಯಸ್ ಇದ್ದಾಗ ಶಬ್ದ ಸೆಕೆಂಡಿಗೆ ಸುಮಾರು 1,125 ಅಡಿ ಹೋಗುತ್ತದೆ. ಮಾಮೂಲಿ 40 ಗ್ರೇನ್ (ಗ್ರೇನ್ ಅಂದ್ರೆ ಗುಂಡಿನ ತೂಕದ ಅಳತೆ) ಹೈ ವೆಲಾಸಿಟಿ ಗುಂಡು ಬ್ಯಾರಲ್ ಬಿಡುವಾಗ 1,235 ಅಡಿಯ ಆಸುಪಾಸು. ಶಬ್ದಕ್ಕಿಂತ ಮುಂದೆ, ನಿಜ. ಆದರೆ ಈ ಗುಂಡು ಮೊಂಡು ಮೂತಿಯದು, ತೂಕ ಕಡಿಮೆ. ಐವತ್ತು ಅರವತ್ತು ಮೀಟರ್ ಹೋಗುವಷ್ಟರಲ್ಲಿ ಶಬ್ದದ ವೇಗಕ್ಕೆ ಇಳಿದಿರುತ್ತದೆ. ಆ ಗಡಿಯ ಆಚೀಚೆ ಗಾಳಿಯ ತಡೆ ವಿಪರೀತ. 100 ಗಜ ಮುಟ್ಟುವಾಗ ಅದರ ವೇಗ 1,000 ಅಡಿಯ ಹತ್ತಿರ. 1,070ರಲ್ಲಿ ಹೊರಟ ಸ್ಟ್ಯಾಂಡರ್ಡ್ ಗುಂಡು ಅಲ್ಲಿ 940ರ ಹತ್ತಿರ. ಹೊರಡುವಾಗ 165 ಅಡಿ ಮುಂದಿದ್ದವನು 100 ಗಜಕ್ಕೆ ಬರೀ 60 ಅಡಿ ಮುಂದೆ. ಮಿಕ್ಕಿದ್ದು ಗಾಳಿಗೆ ಹೋಯಿತು.

ಗಾಳಿಗೆ ಹೋದದ್ದು ಸುಮ್ನೆ ಹೋಗಲ್ಲ, ಅದೇ ವಿಷಯ. ಅಡ್ಡಗಾಳಿ ಗುಂಡನ್ನು ಎಷ್ಟು ತಳ್ಳುತ್ತದೆ ಅನ್ನುವುದು ಅದು ಎಷ್ಟು ಹೊತ್ತು ಹಾರಿತು ಅನ್ನುವುದರ ಮೇಲೆ ನಿಂತಿಲ್ಲ. ತಡೆಯೇ ಇಲ್ಲದಿದ್ದರೆ ಯಾವಾಗ ಮುಟ್ಟುತ್ತಿತ್ತೋ, ಅದಕ್ಕಿಂತ ಎಷ್ಟು ತಡವಾಯಿತು ಅನ್ನುವುದರ ಮೇಲೆ ನಿಂತಿದೆ. ವೇಗದ ಗುಂಡು ಬೇಗ ಮುಟ್ಟುತ್ತದೆ, ಆದರೆ ತನ್ನ ಲೆಕ್ಕಕ್ಕೆ ಜಾಸ್ತಿ ತಡವಾಗಿ ಮುಟ್ಟುತ್ತದೆ. ಹಾಗಾಗಿ ಗಂಟೆಗೆ 16 ಕಿ.ಮೀ. ಅಡ್ಡಗಾಳಿಯಲ್ಲಿ 100 ಗಜಕ್ಕೆ ಸ್ಟ್ಯಾಂಡರ್ಡ್ ಗುಂಡು 10 ಸೆಂ.ಮೀ. ಆಸುಪಾಸು ಸರಿದರೆ, ಹೈ ವೆಲಾಸಿಟಿ 13 ಸೆಂ.ಮೀ. ಮೇಲೆ ಸರಿಯುತ್ತದೆ. ಮೊದಲ ಸಲ ಕೇಳಿದಾಗ ನಾನೂ ನಂಬಿರಲಿಲ್ಲ.

ಹೊಸಗುರಿ:
ತಲೆ ಕೆಳಗಾಯ್ತು! ಹಾಗಾದ್ರೆ ನನ್ನ ಒಂದು ಗೇಣು ಅಗಲ ಗಾಳಿಯದು. ಎರಡು ಗೇಣು ಉದ್ದ ಯಾರದ್ದು?

ಲೆಕ್ಕದವನು:
ಉದ್ದ ಅಮ್ಮೋದ್ದು. ಬಹುಪಾಲು.

ಒಂದೇ ಡಬ್ಬಿಯ ಎರಡು ರೌಂಡ್ ಒಂದೇ ವೇಗದಲ್ಲಿ ಹೊರಡಲ್ಲ. ಎರಡರ ನಡುವೆ ಸೆಕೆಂಡಿಗೆ 30 ಅಡಿ ವ್ಯತ್ಯಾಸ ಇದೆ ಅಂದುಕೊಳ್ಳಿ. 50 ಮೀಟರಿನಲ್ಲಿ ಅದು ಕಾಗದದ ಮೇಲೆ ಅರ್ಧ ಸೆಂ.ಮೀ.ಗಿಂತ ತುಸು ಜಾಸ್ತಿ. ನಿಮ್ಮ ಹೆಬ್ಬೆರಳಿನ ಕೆಳಗೆ ಅಡಗಿ ಕೂತದ್ದು ಇದೇ. 200 ಮೀಟರಿನಲ್ಲಿ ಅದೇ 30 ಅಡಿ ವ್ಯತ್ಯಾಸ ಸುಮಾರು 10 ಸೆಂ.ಮೀ. ಆಗುತ್ತದೆ. ದೂರ ನಾಲ್ಕು ಪಟ್ಟು, ವ್ಯತ್ಯಾಸ ಹದಿನಾರು ಪಟ್ಟಿಗೂ ಮೇಲೆ, ಯಾಕಂದ್ರೆ ಗುಂಡು ಕೆಳಗೆ ಬೀಳುವುದು ಹಾರಿದ ಹೊತ್ತಿನ ವರ್ಗಕ್ಕೆ ತಕ್ಕ ಹಾಗೆ. 50ಕ್ಕೆ ಝೀರೋ ಮಾಡಿದ (ಸ್ಕೋಪಿನ ಗುರಿಗೂ ಪೆಟ್ಟಿಗೂ ಹೊಂದಿಸಿದ) ಸ್ಟ್ಯಾಂಡರ್ಡ್ ಗುಂಡು 100 ಮೀಟರಿಗೆ 20-22 ಸೆಂ.ಮೀ. ಕೆಳಗೆ ಬಿದ್ದರೆ, 200ಕ್ಕೆ ಒಂದೂವರೆ ಮೀಟರ್ ಆಸುಪಾಸು ಬೀಳುತ್ತದೆ. ಸ್ಕೋಪಿನಲ್ಲಿ 8 ಮಿಲ್ (ಕೋನದ ಅಳತೆ) ಹತ್ತಿರ.

ಆದ್ದರಿಂದ 50 ಮೀಟರಿನ ಗ್ರೂಪ್ ನೋಡಿ 200ಕ್ಕೆ ಅಮ್ಮೋ ಆರಿಸಬೇಡಿ. 200ಕ್ಕೆ ಬೇಕಾದ ಅಮ್ಮೋವನ್ನು 200ರಲ್ಲೇ ನೋಡಬೇಕು. ಇಲ್ಲಾಂದ್ರೆ ಕ್ರೋನೋಗ್ರಾಫ್ ಇಟ್ಟು ವೇಗ ಅಳೆಯಬೇಕು.

ಇನ್ನೊಂದು. ದೂರ ಸರಿಯಾಗಿ ಅಳೆದಿದ್ದೀರಾ? 200ರಲ್ಲಿ ಗುಂಡು ಎಷ್ಟು ಇಳಿಜಾರಾಗಿ ಬರುತ್ತದೆ ಅಂದ್ರೆ, ಅಳತೆ 5 ಮೀಟರ್ ತಪ್ಪಿದರೆ ಪೆಟ್ಟು ಸುಮಾರು 7 ಸೆಂ.ಮೀ. ತಪ್ಪುತ್ತದೆ. ಅದು ಗ್ರೂಪನ್ನು ಉದ್ದ ಮಾಡಲ್ಲ, ಆದರೆ ಇಡೀ ಗ್ರೂಪನ್ನು ಎತ್ತಿ ಬೇರೆ ಕಡೆ ಇಡುತ್ತದೆ. ಆಮೇಲೆ ಬೈಗುಳ ಮಾತ್ರ ಅಮ್ಮೋಗೆ.

ಹಳೇಪ್ರೋನ್:
ನಾನು 50 ಮೀಟರ್ ಮಲಗಿ ಹೊಡೆಯುವ ಹಳೇ ಕಾಲದವನು. ಆ ಟಾರ್ಗೆಟ್ಟಿನ ಹತ್ತರ ವೃತ್ತ 10.4 ಮಿ.ಮೀ. ಅಷ್ಟೇ. 5.6 ಮಿ.ಮೀ. ಗುಂಡಿಗೆ ಅಷ್ಟು ಚಿಕ್ಕ ಜಾಗ. ಅಲ್ಲಿ ನಾವು ಕಲಿತದ್ದು ದೂರಕ್ಕೂ ಸಲ್ಲುತ್ತದೆ, ಒಂದು ಮಾತು ಬಿಟ್ಟು. ಅದನ್ನು ಲೆಕ್ಕದವನು ಈಗಾಗಲೇ ಹೇಳಿದ್ದಾರೆ.

ಹೆಸರು ಬೇಕು ಅಂತೀರಲ್ಲ, ತಗೊಳ್ಳಿ. ಕೆಳಗಿನ ಮೆಟ್ಟಿಲಲ್ಲಿ ಸಿಸಿಐ ಸ್ಟ್ಯಾಂಡರ್ಡ್ ವೆಲಾಸಿಟಿ, 40 ಗ್ರೇನ್, 1,070 ಅಡಿ. ಅಭ್ಯಾಸಕ್ಕೆ ಸಾಕು. ಅದರ ಮೇಲೆ ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್, ಎಸ್‌ಕೆ ರೈಫಲ್ ಮ್ಯಾಚ್. ಇನ್ನೂ ಮೇಲೆ ಲಾಪುವಾ ಸೆಂಟರ್-ಎಕ್ಸ್, ಮಿಡಾಸ್ ಪ್ಲಸ್, ಈಲಿ ಮ್ಯಾಚ್, ಈಲಿ ಟೆನೆಕ್ಸ್, ಆರ್‌ಡಬ್ಲ್ಯುಎಸ್ ಆರ್50. ದೂರಕ್ಕೆಂದೇ ಬಂದದ್ದು ಎಸ್‌ಕೆ ಲಾಂಗ್ ರೇಂಜ್ ಮ್ಯಾಚ್, ಲಾಪುವಾ ಸೂಪರ್ ಲಾಂಗ್ ರೇಂಜ್. ಇವು 1,106 ಅಡಿ, ಅಂದರೆ ಮಾಮೂಲಿ ಮ್ಯಾಚ್ (ಸ್ಪರ್ಧೆಗೆಂದು ಮಾಡಿದ) ಅಮ್ಮೋಗಿಂತ ತುಸು ಜೋರು, ಬೆಚ್ಚಗಿನ ದಿನ ಶಬ್ದಕ್ಕಿಂತ ತುಸು ಕೆಳಗೆ. ಚಳಿಯಲ್ಲಿ ಶಬ್ದದ ವೇಗವೇ ಇಳಿಯುತ್ತದೆ, 0 ಡಿಗ್ರಿಯಲ್ಲಿ ಸುಮಾರು 1,087 ಅಡಿ. ಆಗ ಲೆಕ್ಕ ಬದಲು.

ಹೆಸರು ಹೇಳಿದ್ದಾಯ್ತು. ಈಗ ಅವನ್ನು ಅರ್ಧ ಮರೆತುಬಿಡಿ. ನೀವು ಕೊಳ್ಳುವುದು ಹೆಸರನ್ನಲ್ಲ, ಲಾಟನ್ನು, ಅಂದರೆ ಒಂದೇ ಸಲಕ್ಕೆ ತಯಾರಾದ ಕಂತನ್ನು. ಡಬ್ಬಿಯ ಮೇಲೆ ಚಿಕ್ಕದಾಗಿ ಲಾಟ್ ನಂಬರ್ ಅಚ್ಚಾಗಿರುತ್ತದೆ, ನೋಡಿ. ಒಂದೇ ಹೆಸರಿನ ಎರಡು ಲಾಟ್ ನಿಮ್ಮ ಬ್ಯಾರಲಿನಲ್ಲಿ ಅಣ್ಣ ತಮ್ಮನ ಹಾಗೆ ಇರಬಹುದು, ಹಾವು ಮುಂಗುಸಿಯ ಹಾಗೂ ಇರಬಹುದು. ರಿಮ್‌ಫೈರಿನಲ್ಲಿ ಪ್ರೈಮರ್ ಮಸಾಲೆ ಕೇಸಿನ ಅಂಚಿನೊಳಗೆ ಸುತ್ತ ಹರಡಿಕೊಂಡಿರುತ್ತದೆ. ಒಂದು ಕಡೆ ಮಂದ, ಒಂದು ಕಡೆ ತೆಳು ಆದರೆ ಹೊತ್ತಿಕೊಳ್ಳುವುದೂ ಹಾಗೇ. ಮದ್ದು, ಗುಂಡಿನ ಅಚ್ಚು, ಮೇಣ, ಒಂದೊಂದೂ ಲಾಟಿಂದ ಲಾಟಿಗೆ ಕೂದಲೆಳೆಯಷ್ಟು ಬದಲಾಗುತ್ತವೆ. ಲಾಪುವಾ ಮತ್ತು ಈಲಿಯವರು ಇದಕ್ಕೆಂದೇ ಟೆಸ್ಟ್ ಸೆಂಟರ್ ಇಟ್ಟಿದ್ದಾರೆ. ನಿಮ್ಮ ರೈಫಲನ್ನು ಅಲ್ಲಿ ಕಟ್ಟಿ ಬೇರೆ ಬೇರೆ ಲಾಟ್ ಹೊಡೆದು, ಹೊಂದುವ ಲಾಟನ್ನು ಆರಿಸಿಕೊಳ್ಳಬಹುದು. ಅಷ್ಟು ದೂರ ಎಲ್ಲರೂ ಹೋಗಲ್ಲ, ಗೊತ್ತು.

ನಾಲ್ಕೈದು ಬಗೆ, ಒಂದೊಂದರಲ್ಲಿ ಎರಡು ಡಬ್ಬಿ ತನ್ನಿ. ಹೊಡೆದು ನೋಡಿ. ಯಾವುದು ಕೂತಿತೋ ಅದೇ ಲಾಟ್ ಎಷ್ಟು ಸಿಗುತ್ತೋ ಅಷ್ಟು ಅದೇ ದಿನ ಎತ್ತಿಕೊಳ್ಳಿ.

ತೂಕಗಾರ:
ಇಷ್ಟೆಲ್ಲ ಯಾಕೆ? ಒಂದು ಮಾಮೂಲಿ ಬ್ರಿಕ್ ತಂದು, ಒಂದೊಂದು ರೌಂಡನ್ನೂ ತೂಕ ಹಾಕಿ, ರಿಮ್ ದಪ್ಪ ಅಳೆದು ಬೇರೆ ಬೇರೆ ಗುಂಪು ಮಾಡಿ. ನಾನು ಹಾಗೇ ಮಾಡೋದು. ತೀರಾ ಎಡವಟ್ಟು ರೌಂಡ್ ಹೊರಗೆ ಹೋಗುತ್ತವೆ.

ಬೆಂಚುಕಲ್ಲು:
500 ರೌಂಡ್ ತೂಕ ಹಾಕುವ ಹೊತ್ತಿನಲ್ಲಿ ನಾನು 500 ಹೊಡೆದು ಮನೆಗೆ ಬಂದಿರ್ತೀನಿ.

ಲೆಕ್ಕದವನು:
ತೂಕಗಾರರೇ, ಎಡವಟ್ಟು ಹೊರಗೆ ಹೋಗುತ್ತದೆ ಅನ್ನುವುದು ಒಪ್ಪಿದೆ. ಆದರೆ ತಕ್ಕಡಿಗೆ ಇಡೀ ರೌಂಡ್ ಕಾಣುತ್ತದೆ. ಅದರಲ್ಲಿ 40 ಗ್ರೇನ್ ಸೀಸ, ಮೇಲೆ ಹಿತ್ತಾಳೆ ಕೇಸ್. ಮದ್ದು ಚಿಟಿಕೆಯಷ್ಟು, ಪ್ರೈಮರ್ ಅದಕ್ಕೂ ಕಡಿಮೆ. ವೇಗ ಏರುಪೇರು ಮಾಡುವುದು ಈ ಎರಡು ಪುಟ್ಟ ಸಾಮಾನು. ಕೇಸ್ ತುಸು ದಪ್ಪ ಇದ್ದರೆ ಅವುಗಳ ತಪ್ಪು ತೂಕದಲ್ಲಿ ಮುಚ್ಚಿಹೋಗುತ್ತದೆ. ರಿಮ್ ದಪ್ಪದ ವಿಷಯ ಸ್ವಲ್ಪ ಬೇರೆ, ರೌಂಡ್ ಚೇಂಬರಿನಲ್ಲಿ ಕೂರುವುದೇ ರಿಮ್ ಮೇಲೆ. ಆದರೂ ಒಳ್ಳೇ ಮ್ಯಾಚ್ ಅಮ್ಮೋದಲ್ಲಿ ಅಳೆಯುವಷ್ಟು ವ್ಯತ್ಯಾಸ ಸಿಗುವುದು ಕಷ್ಟ. ಸಾಧಾರಣ ಅಮ್ಮೋವನ್ನು ಆರಿಸಿ ಆರಿಸಿ ಮ್ಯಾಚ್ ಅಮ್ಮೋ ಮಾಡೋಕಾಗಲ್ಲ.

ತೂಕಗಾರ:
ನನಗೆ ಖುಷಿ ಇದೆ, ನಾನು ಮಾಡ್ತೀನಿ 🙂

ಮಿಲ್‌ಡಾಟ್:
ಮಧ್ಯೆ ಬಾಯಿ ಹಾಕ್ತೀನಿ. ಭಾರದ ಗುಂಡು ಗಾಳಿಗೆ ಜಗ್ಗಲ್ಲ ಅಂತಾರೆ. 60 ಗ್ರೇನಿನ .22 ಎಲ್‌ಆರ್ ಇದೆಯಲ್ಲ, ಅದನ್ನೇ ಹಾಕಿದರೆ? ಇಲ್ಲಾ .17 ಎಚ್‌ಎಂಆರ್‌ಗೆ ಹೋದರೆ? 2,550 ಅಡಿ ವೇಗ!

ಗಾಳಿಮಾತು:
60 ಗ್ರೇನ್ ಅಂದ್ರೆ ಅಗಿಲಾ ಎಸ್‌ಎಸ್‌ಎಸ್. ಗುಂಡು ಉದ್ದವಾದಷ್ಟೂ ಅದನ್ನು ಜೋರಾಗಿ ತಿರುಗಿಸಬೇಕು. ಅದಕ್ಕೆ 9 ಇಂಚಿಗೆ ಒಂದು ಸುತ್ತಿನಂಥ ಬಿಗಿ ಟ್ವಿಸ್ಟ್ ಬೇಕು. ನಮ್ಮ 16ರ ಟ್ವಿಸ್ಟಿನಲ್ಲಿ ಗುಂಡು ತೂರಾಡಿಕೊಂಡು ಹೋಗಿ ಕಾಗದದಲ್ಲಿ ಅಡ್ಡಡ್ಡ ತೂತು ಮಾಡುತ್ತದೆ. ತಪ್ಪು ಅಮ್ಮೋದ್ದಲ್ಲ, ಜೋಡಿಯದ್ದು.

.17 ಎಚ್‌ಎಂಆರ್ 2002ರಲ್ಲಿ ಬಂತು. 1959ರ .22 ಮ್ಯಾಗ್ನಮ್ ಕೇಸಿನ ಕುತ್ತಿಗೆ ಹಿಚುಕಿ ಮಾಡಿದ್ದು. 17 ಗ್ರೇನ್ ಗುಂಡು, ನೂರು ನೂರೈವತ್ತು ಮೀಟರಿನವರೆಗೆ ಗೆರೆ ಎಳೆದ ಹಾಗೆ ಹೋಗುತ್ತದೆ. ಆಮೇಲೆ ಆ ತೂಕಕ್ಕೆ ಗಾಳಿ ಜಾಸ್ತಿ ಆಗುತ್ತದೆ. ಅದೂ ರಿಮ್‌ಫೈರೇ, ಲಾಟ್ ಗೋಳು ಅಲ್ಲೂ ತಪ್ಪಿದ್ದಲ್ಲ. ನಿಜಕ್ಕೂ ದೂರ ಬೇಕಾದರೆ .223, ಅದು ರಿಮ್‌ಫೈರ್ ಅಲ್ಲ, ಮದ್ದು ಜಾಸ್ತಿ ಇರುವ ಸೆಂಟರ್‌ಫೈರ್. ಅಲ್ಲೂ ಮೊದಲು ಟ್ವಿಸ್ಟ್ ನೋಡಿ. 12 ಇಂಚಿನದಾದರೆ 55 ಗ್ರೇನ್ ಹತ್ತಿರ ನಿಲ್ಲಿ. 9 ಇಂಚಾದರೆ 69 ಗ್ರೇನ್ ಮ್ಯಾಚ್ ಗುಂಡು ಧೈರ್ಯವಾಗಿ ಹಾಕಿ. 8 ಅಥವಾ 7 ಇದ್ದರೆ 77 ಗ್ರೇನ್. 77ರದ್ದು 2,750 ಅಡಿಯಲ್ಲಿ ಹೊರಟು 800 ಮೀಟರ್ ಆಸುಪಾಸಿನವರೆಗೂ ಶಬ್ದಕ್ಕಿಂತ ಮುಂದೇ ಇರುತ್ತದೆ. ಬ್ಯಾರಲ್ ಮೇಲೆ .223 ಅಂತ ಮಾತ್ರ ಇದ್ದರೆ 5.56 ಅಮ್ಮೋ (ಅದೇ ಅಳತೆಯ ಸೈನ್ಯದ ಬಗೆ) ಹಾಕಬೇಡಿ, ಅದರ ಒತ್ತಡ ಜಾಸ್ತಿ. ಮಿಕ್ಕಿದ್ದಕ್ಕೆ ಬೇರೆ ಎಳೆ ತೆಗೆಯಿರಿ. ಇದು ಹೊಸಗುರಿಯವರ ಜಾಗ.

ಹಳೇಪ್ರೋನ್:
ಚೇಂಬರಿನ ಮಾತು ಬಂತು, ಇದನ್ನೂ ಸೇರಿಸಿಬಿಡ್ತೀನಿ. ಮ್ಯಾಚ್ ಚೇಂಬರ್ (ರೌಂಡ್ ಕೂರುವ ಜಾಗವನ್ನು ಬಿಗಿಯಾಗಿ ಕೊರೆದದ್ದು) ಇರುವ ರೈಫಲಿಗೆ ಸಿಸಿಐ ಸ್ಟಿಂಗರ್ ಹಾಕಬಾರದು. ಅದರ ಕೇಸ್ ಮಾಮೂಲಿಗಿಂತ ಉದ್ದ. ಕಂಪನಿಯವರೇ ಬೇಡ ಅಂತಾರೆ.

ಮತ್ತೆ, 200 ಮೀಟರಿಗೆ .22 ಅಂದ ಕೂಡಲೇ ಆಟಿಕೆ ಅನ್ನುವ ಭಾವನೆ ಬರುತ್ತದೆ. ಡಬ್ಬಿ ಮೇಲೆ ಒಂದೂವರೆ ಮೈಲಿವರೆಗೂ ಅಪಾಯ ಅಂತ ಬರೆಯುವುದು ಸುಮ್ನೆ ಅಲ್ಲ. ನಿಧಾನದ ಸೀಸದ ಗುಂಡು ಕಲ್ಲಿಗೆ, ನೀರಿಗೆ ತಾಗಿದರೆ ಪುಟಿದು ಹೋಗುತ್ತದೆ. ಹಿಂದೆ ಎತ್ತರದ ಮಣ್ಣಿನ ದಿಬ್ಬ ಇಲ್ಲದ ಲೇನಿನಲ್ಲಿ ಹೊಡೀಬೇಡಿ. ರೌಂಡ್ ಹೊತ್ತದೆ ಹೋದರೆ ಮೂತಿ ಟಾರ್ಗೆಟ್ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಿರಿ, ಆಮೇಲೆ ಬೋಲ್ಟ್ ತೆಗೆಯಿರಿ.

ಹೊಸಗುರಿ:
(ಮೂರು ವಾರದ ನಂತರ)
ಬಂದೆ. ನಾಲ್ಕು ಬಗೆ ತಂದು ಹೊಡೆದೆ. ಮೂರು ಸ್ಟ್ಯಾಂಡರ್ಡ್, ಒಂದು 1,106 ಅಡಿಯದು. ಕ್ರೋನೋಗ್ರಾಫ್ ಗೆಳೆಯರದು.

ಮೊದಲನೇ ದಿನ ಪೂರ್ತಿ ಹಾಳು. ಒಂದು ಬಗೆ ಐದು ರೌಂಡ್, ಕೂಡಲೇ ಇನ್ನೊಂದು ಐದು ರೌಂಡ್, ಹೀಗೆ ಸುತ್ತು ಹಾಕಿದೆ. ಎಲ್ಲವೂ ಒಂದೇ ತರ ಕೆಟ್ಟದಾಗಿ ಬಂತು.

ಹಳೇಪ್ರೋನ್:
ಅಯ್ಯೋ, ಅದನ್ನು ಹೇಳೋದು ಮರೆತೆ, ತಪ್ಪು ನನ್ನದೇ. ಪ್ರತಿ ಕಂಪನಿಯ ಗುಂಡಿಗೂ ಬೇರೆ ಬೇರೆ ಮೇಣ. ಬಗೆ ಬದಲಿಸಿದಾಗ ಹಳೇ ಮೇಣ ಹೋಗಿ ಹೊಸದು ಬ್ಯಾರಲ್ ಒಳಗೆ ಕೂರಬೇಕು. ಕಡಿಮೆ ಅಂದರೂ ಹದಿನೈದಿಪ್ಪತ್ತು ರೌಂಡ್ ಸುಮ್ನೆ ಹೊಡೆದು ಆಮೇಲೆ ಲೆಕ್ಕ ಶುರು ಮಾಡಬೇಕು. ತೊಳೆದ ಬ್ಯಾರಲಿಗೂ ಹಾಗೇ.

ಹೊಸಗುರಿ:
ಹೌದು, ರೇಂಜಿನಲ್ಲಿ ಒಬ್ಬ ಹಿರಿಯರು ಇದನ್ನೇ ಹೇಳಿದರು. ಎರಡನೇ ದಿನ ಬೆಳಿಗ್ಗೆ ಬೇಗ ಹೋದೆ, ಗಾಳಿ ಏಳುವ ಮೊದಲು. ಒಂದೊಂದು ಬಗೆಗೂ 20 ಸುಮ್ನೆ, ಆಮೇಲೆ 20 ಲೆಕ್ಕಕ್ಕೆ, 200 ಮೀಟರಿನಲ್ಲಿ. ಅಗಲ ಬಿಟ್ಟು ಉದ್ದ ಮಾತ್ರ ಬರೆದುಕೊಂಡೆ.

50 ಮೀಟರಿನಲ್ಲಿ ಮೊದಲು ಬಂದದ್ದು ಇಲ್ಲಿ ಮೂರನೇದು: ಉದ್ದ 23 ಸೆಂ.ಮೀ. ಎಲ್ಲಕ್ಕಿಂತ ದುಬಾರಿಯದು ಎರಡನೇದು: 17. 1,106ರದ್ದು ಕೊನೆ, ನನ್ನ ಬ್ಯಾರಲಿಗೆ ಯಾಕೋ ಅದು ಬೇಡ. ಗೆದ್ದದ್ದು ನಡು ದರ್ಜೆಯ ಒಂದು ಲಾಟ್: 14 ಸೆಂ.ಮೀ. ಹೆಸರು ಬೇಕಂತಲೇ ಬರೆದಿಲ್ಲ. ಬರೆದರೆ ನಾಳೆ ನಾಲ್ಕು ಜನ ಅದನ್ನೇ ತಂದು ನನಗೆ ಬೈತಾರೆ.

ಒಂದು ಡೌಟು. ಗೆದ್ದದ್ದರ ಮೊದಲ ಐದು ರೌಂಡಿನ ವೇಗ 18 ಅಡಿಯೊಳಗೆ ಇತ್ತು. ಇಪ್ಪತ್ತು ಮುಗಿದಾಗ 31 ಆಗಿತ್ತು. ಹಾಳಾಗ್ತಾ ಬಂತಾ? ಬ್ಯಾರಲ್ ಬಿಸಿಯಾ?

ಲೆಕ್ಕದವನು:
ಏನೂ ಹಾಳಾಗಿಲ್ಲ. ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ಇರುವ ಅಂತರ ರೌಂಡ್ ಜಾಸ್ತಿ ಹೊಡೆದಷ್ಟೂ ಬೆಳೆಯುತ್ತದೆ. ಅದರ ಸ್ವಭಾವವೇ ಹಾಗೆ. ಐದು ರೌಂಡಿನಲ್ಲಿ ಈ ಅಂತರ ಸರಾಸರಿಯಲ್ಲಿ, ಚದುರುವಿಕೆಯ ಅಳತೆಯಾದ ಎಸ್‌ಡಿಯ 2.3 ಪಟ್ಟು, ಹತ್ತರಲ್ಲಿ 3.1, ಇಪ್ಪತ್ತರಲ್ಲಿ 3.7, ಐವತ್ತರಲ್ಲಿ 4.5. ನಿಮ್ಮ 31ನ್ನು 3.7ರಿಂದ ಭಾಗಿಸಿ, ಎಸ್‌ಡಿ 8 ಚಿಲ್ಲರೆ. ಐದಕ್ಕೆ 2.3ರಿಂದ ಗುಣಿಸಿ, 19. ನಿಮಗೆ 18 ಬಂತು. ಸರಿಯಾಗೇ ಇದೆ ಅಲ್ವಾ?

ಇದಕ್ಕೇ ಯಾರಾದರೂ ಐದು ರೌಂಡ್ ಹೊಡೆದು ಚಂದದ ಗ್ರೂಪಿನ ಫೋಟೋ ಹಾಕಿದರೆ ನಾನು ಸುಮ್ನೆ ನೋಡಿ ಮುಂದೆ ಹೋಗ್ತೀನಿ. ಅವತ್ತು ಅವರು ಹೊಡೆದ ಉಳಿದ ನಾಲ್ಕು ಗ್ರೂಪ್ ಎಲ್ಲಿ? ನಿಮ್ಮ 14ಕ್ಕೂ 17ಕ್ಕೂ ನಡುವಿನ ಅಂತರವೂ ಗಟ್ಟಿ ಅಲ್ಲ. ಆ ಎರಡನ್ನು ಇನ್ನೊಮ್ಮೆ 20-20 ಹೊಡೀರಿ. 23ರದ್ದನ್ನು ಬಿಡಬಹುದು.

ಬೆಂಚುಕಲ್ಲು:
ಇಲ್ಲಿ ನನ್ನದೊಂದು ಎರಡು ಪೈಸೆ. ಅಮ್ಮೋ ಡಬ್ಬಿಯನ್ನು ಬಿಸಿಲಲ್ಲಿ ಬೆಂಚಿನ ಮೇಲೆ ಇಟ್ಟಿದ್ರಾ? ಮೇಣ ಕರಗಿ ಮೆತ್ತಗಾಗುತ್ತೆ, ವೇಗವೂ ಏರುತ್ತೆ. ಚಳಿಗೆ ಮೇಣ ಗಟ್ಟಿಯಾಗಿ ಗ್ರೂಪ್ ಬಿಚ್ಚಿಕೊಳ್ಳುತ್ತೆ. ಹಿಮದಲ್ಲಿ ಓಡಿ ಹೊಡೆಯುವ ಬಯಾಥ್ಲಾನಿನವರಿಗೆ ಲಾಪುವಾ ಪೋಲಾರ್ ಬಯಾಥ್ಲಾನ್ ಅಂತ ಬೇರೆಯೇ ಅಮ್ಮೋ ಇರೋದು ಅದಕ್ಕೇ. ನೆಲಕ್ಕೆ ಬಿದ್ದ ರೌಂಡ್ ಒರೆಸಿ ಹಾಕಬೇಡಿ. ಮೇಣಕ್ಕೆ ಅಂಟಿದ ಮರಳು ಬ್ಯಾರಲ್ ಒಳಗೆ ಹೋಗುತ್ತೆ. ಮ್ಯಾಗಜೀನಿನಿಂದ ಏರುವಾಗ ಸೀಸದ ಮೂತಿ ಎಲ್ಲಾದರೂ ಉಜ್ಜುತ್ತಾ ನೋಡಿಕೊಳ್ಳಿ. ಗೀರು ಬಿದ್ದ ಗುಂಡಿಗೆ ಯಾವ ಲಾಟೂ ಒಂದೇ.

ನೋಡಿ, ನಾನೂ ಉದ್ದಕ್ಕೆ ಬರೆದೆ.

ಹೊಸಗುರಿ:
ಬಿಸಿಲಲ್ಲೇ ಇಟ್ಟಿದ್ದೆ 🙈 ಇನ್ನು ಚೀಲದೊಳಗೆ. ಆ ಎರಡನ್ನು ಮತ್ತೆ ಹೊಡೆದು ಬರ್ತೀನಿ.

ಹೊಸಗುರಿ:
(ಎರಡು ವಾರದ ನಂತರ)
ಮತ್ತೆ ಹೊಡೆದೆ. ನಡು ದರ್ಜೆಯದು 15, ದುಬಾರಿಯದು 16. ಲೆಕ್ಕದವನು ಹೇಳಿದ ಹಾಗೇ ಎರಡೂ ಒಂದೇ ಅನ್ನಬಹುದು. ಕಡಿಮೆ ಬೆಲೆಯದೇ ಸಾಕು ಅಂತ ಖುಷಿಯಿಂದ ಒಂದು ದೊಡ್ಡ ಪೆಟ್ಟಿಗೆಯನ್ನೇ ಕೊಳ್ಳೋಕೆ ಹೋದೆ.

ಅದೇ ಹೆಸರು, ಅದೇ ಬಣ್ಣದ ಡಬ್ಬಿ. ಲಾಟ್ ನಂಬರ್ ಬೇರೆ. ನನ್ನ ಲಾಟಿನ ಒಂದು ಡಬ್ಬಿಯೂ ಉಳಿದಿರಲಿಲ್ಲ.

ಹಳೇಪ್ರೋನ್:
ಅದೇ ದಿನ ಎತ್ತಿಕೊಳ್ಳಿ ಅಂದಿದ್ದೆ.

ಹೊಸಗುರಿ:
ಅಂದಿದ್ರಿ, ಸರ್. ಮತ್ತೆ ಹೊಡೆದು ನೋಡೋಣ ಅಂತ ಕೂತೆ.

ಲೆಕ್ಕದವನು:
ಮತ್ತೆ ಹೊಡೀರಿ ಅಂದವನು ನಾನು. ಮೊದಲು ಕೊಂಡು ಆಮೇಲೆ ಹೊಡೀರಿ ಅನ್ನಬೇಕಿತ್ತು.

ಹೊಸಗುರಿ:
ಹೊಸ ಲಾಟಿನ ಎರಡು ಡಬ್ಬಿ ತಂದಿದ್ದೇನೆ. ಹಳೇದರಲ್ಲಿ ಇನ್ನು 11 ರೌಂಡ್ ಉಳಿದಿವೆ, ಅವನ್ನು ಹೊಡೆಯೋಕೆ ಮನಸ್ಸೇ ಬರ್ತಿಲ್ಲ. ಭಾನುವಾರ ಬೆಳಿಗ್ಗೆ ಗಾಳಿ ಸುಮ್ನಿದ್ದರೆ ಹೊಸದನ್ನು 20 ಸುಮ್ನೆ, 20 ಲೆಕ್ಕಕ್ಕೆ ಹೊಡೆದು ಇಲ್ಲೇ ಬರೀತೀನಿ.

ಬೆಂಚುಕಲ್ಲು:
ಆ ಹೈ ವೆಲಾಸಿಟಿ ಬ್ರಿಕ್ ಮುಗೀತಾ?

ಹೊಸಗುರಿ:
460 ಇದೆ.